ಬೆನ್ನಿನ ನೀರು, ಉಡಚಮ್ಮನ ಕಾಲು

1961ರ ಆಷಾಢ, ಸೋಮವಾರ ಬೆಳಿಗ್ಗೆ ಏಳು ಗಂಟೆ. ಹರಿಹರದ ಹಾಲೇಶಪ್ಪನ ಎಡಗಾಲಿನ ಹೆಬ್ಬೆರಳು ಮೇಲೇಳಲಿಲ್ಲ.

ಅವನು ದಾವಣಗೆರೆಯ ಮಂಡಿಯಲ್ಲಿ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಹೊರುವವನು. ಸೊಂಟದಿಂದ ಹಿಮ್ಮಡಿಯವರೆಗೆ ಚಳುಕು ಹೊಡೆಯಲು ಶುರುವಾಗಿ ಬಹಳ ದಿನವಾಗಿತ್ತು. ಮದ್ದು ಮನೆಯಲ್ಲೇ ಇತ್ತು. ಹೆಂಡತಿ ಉಡಚಮ್ಮ ಕಾಲು ಮುಂದಾಗಿ ಹುಟ್ಟಿದವಳು; ಅಂಥವರು ತುಳಿದರೆ ಸೊಂಟದ ಉಳುಕು ಬಿಡುತ್ತದೆಂದು ಕೇರಿಯೆಲ್ಲ ನಂಬಿತ್ತು. ಭಾನುವಾರ ಬಂದರೆ ಅವಳ ಜಗಲಿಯ ಮೇಲೆ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ನಿನ್ನೆ ಮಲಗಿದ್ದು ಗಂಡ. "ಇನ್ನೊಂದೀಟು ಜೋರಾಗಿ ತುಳಿಯೇ," ಎಂದಿದ್ದ. ತುಳಿದಿದ್ದಳು.

ಪಕ್ಕದ ಮನೆಯ ದಿಲ್ಷಾದ್ ಬೇಗಂ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಪಾದ ಮುಟ್ಟಿ ನೋಡಿ, "ಏಳ್ರಿ, ನನ್ನ ಬಸ್ಸಿಗೇ ಬರ್ರಿ. ಇದು ಉಳುಕಲ್ಲ," ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ಎತ್ತಿಸಿ ನೋಡಿದರು. ಎಕ್ಸ್-ರೇ ತೆಗೆಸಿದರು. "ಬೆನ್ನಿನ ಮಣಿಗಳ ನಡುವಿನ ಬಿಲ್ಲೆ ಜಾರಿರಬಹುದು, ಬೆನ್ನುಮೂಳೆಗೆ ಕ್ಷಯ ಹತ್ತಿರಲೂಬಹುದು. ಚಿತ್ರದಲ್ಲಿ ತಿಳಿಯಲಿಲ್ಲ. ಸೂಜಿ ಚುಚ್ಚಿ ಬೆನ್ನಿನ ನೀರು ತೆಗೆದು ನೋಡಬೇಕು."

ಜೊತೆಗೆ ಬಂದಿದ್ದ ಉಡಚಮ್ಮ ಮಂಚಕ್ಕೆ ಅಡ್ಡ ನಿಂತಳು. "ಬ್ಯಾಡ್ರಿ! ಆ ನೀರು ಹೋದ್ರೆ ಮನುಷ್ಯ ಮತ್ತೆ ಎದ್ದು ಕೂಡಂಗಿಲ್ಲ. ದುಡಿದು ತಿನ್ನೋ ಜೀವ ಇದು."

"ಬಾವಿ ಬತ್ತಿಸ್ತಾರೆ ಅಂದ್ಕಂಡ್ಯಾ?" ದಿಲ್ಷಾದ್ ರೇಗಿದಳು. "ತೆಗೆಯೋದು ಒಂದೆರಡು ಚಮಚೆ. ದೇಹ ಅದನ್ನ ತಾನೇ ತುಂಬಿಕೊಳ್ತೈತೆ. ತಲೆ ನೋಯಬಹುದು, ಅದಕ್ಕೇ ಮಲಗಿಸ್ತೀವಿ. ಹಿಂಗೇ ಮನೆಗೆ ಕರ್ಕಂಡು ಹೋದ್ರೆ ಆ ಪಾದ ಹಂಗೇ ಉಳಿದೀತು."

"ಬೆನ್ನಿಗೆ ಏನಾದರೂ ಮಾಡಿಸಿದ್ದಿರಾ?" ಡಾಕ್ಟರು ಕೇಳಿದರು.

ಹಾಲೇಶಪ್ಪ ಗೋಡೆ ನೋಡಿದ. "ಏನಿಲ್ರಿ."

ಉಡಚಮ್ಮನಿಗೆ ಅರ್ಥವಾಯಿತು. ಗಂಡ ಕಾಯುತ್ತಿರುವುದು ಅವಳ ಮರ್ಯಾದೆ. ಹೋಗುವುದು ಅವನ ಕಾಲು.

"ನಾನೇ ತುಳಿದೆ ರೀ. ನಿನ್ನೆ. ಆಮ್ಯಾಲೇ ಬೆರಳು ಏಳದಂಗಾತು." ಮಂಚದಿಂದ ಸರಿದಳು. "ತೆಗೀರಿ."

ಹಾಲೇಶಪ್ಪ ಮಗ್ಗುಲಾಗಿ, ಮೊಣಕಾಲು ಎದೆಗೆ ತಂದು ಮುದುಡಿದ. ಅವಳು ಕೈ ಹಿಡಿದಳು. ಸೂಜಿ ಇಳಿಯಿತು; ಅವನ ಹಿಡಿತ ಬಿಗಿಯಾಯಿತು. ಗಾಜಿನ ನಳಿಕೆಗೆ ಹನಿಹನಿಯಾಗಿ ಬಿದ್ದದ್ದು ಹೊಳೆನೀರಿಗಿಂತ ತಿಳಿಯಾಗಿತ್ತು.

ಸಂಜೆ ಫಲಿತಾಂಶ ಬಂತು. "ಸೋಂಕಿನ ಗುರುತಿಲ್ಲ," ಎಂದರು ಡಾಕ್ಟರು. "ಪ್ರೋಟೀನ್ ಮಾತ್ರ ಸ್ವಲ್ಪ ಏರಿದೆ. ಜಾರಿದ ಬಿಲ್ಲೆ ನರವನ್ನು ಒತ್ತಿದಾಗ ಹೀಗಾಗುವುದುಂಟು. ಎಲ್ಲರಿಗೂ ಏರುವುದಿಲ್ಲ, ಕಾಲಿನ ಬಲವನ್ನೂ ನೋಡಿಯೇ ಹೇಳುತ್ತಿದ್ದೇನೆ. ಹಲಗೆಯ ಮೇಲೆ ಮಲಗಲಿ. ಬಲ ಬರದಿದ್ದರೆ ಆಪರೇಷನ್."

"ನಾನು ತುಳಿದಿದ್ದಕ್ಕೇನ್ರಿ?"

"ಬಿಲ್ಲೆ ಮೊದಲೇ ಜಾರಿರಬೇಕು. ತುಳಿತ ಇನ್ನಷ್ಟು ಒತ್ತಿರಬಹುದು."

ಓದುವವರೇ, ಕೇಳುವವರೇ, ಸೊಂಟದ ನೋವು ಕಾಲಿಗಿಳಿದರೆ ಯಾರಿಂದಲೂ ತುಳಿಸಿಕೊಳ್ಳಬೇಡಿ. ಪಾದದ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಲ್ಲ ಸೊಂಟನೋವಿಗೂ ಸೂಜಿ ಬೇಕಾಗಿಲ್ಲ. ಬೇಕೆಂದು ವೈದ್ಯರು ಹೇಳಿದರೆ ಹೆದರಿ ಎದ್ದು ಬರಬೇಡಿ. ಬೆನ್ನಿಗೆ ಮಾಡಿಸಿದ್ದನ್ನು ಮುಚ್ಚಿಡಬೇಡಿ.

ದೀಪಾವಳಿ ಹೊತ್ತಿಗೆ ಹಾಲೇಶಪ್ಪನ ಹೆಬ್ಬೆರಳು ಎದ್ದಿತು. ಅಂಡಿಗೆಯನ್ನು ಅವನು ಮತ್ತೆ ಹೊರಲಿಲ್ಲ. ಆಮೇಲೊಂದು ಭಾನುವಾರ ಕಡರನಾಯಕನಹಳ್ಳಿಯ ಬೊಮ್ಮಣ್ಣ ಬಂದು ಜಗಲಿಯ ಮೇಲೆ ಬೋರಲು ಮಲಗಿದ.

"ಈ ಕಡೆ ತಿರುಗಣ್ಣ. ಹೆಬ್ಬೆರಳು ಎತ್ತು ನೋಡಾನ," ಎಂದಳು ಉಡಚಮ್ಮ.

ಬೆರಳು ಏಳಲಿಲ್ಲ. ಅವಳು ಅವನನ್ನು ದಾವಣಗೆರೆ ಬಸ್ಸಿಗೆ ಹತ್ತಿಸಿದಳು.