ಚೆಂಡು ಬಿಡು ಮಾರಾಯಾ

ಕುವೈತಿನಲ್ಲಿ ರಗ್ಬಿಯ ಒಳಹೊರಗು ತಿಳಿದ ಕನ್ನಡಿಗ ನಾನೊಬ್ಬನೇ. ಅಬ್ಬಾಸಿಯಾದಲ್ಲಿ ಇನ್ನೊಬ್ಬನಿದ್ದಾನೆ ಎನ್ನುತ್ತಾರೆ. ಇದ್ದರೆ ಅವನಿಗೂ ಕಲಿಸಿದವನು ನಾನೇ ಇರಬೇಕು. ಹದಿನಾಲ್ಕು ವರ್ಷದ ಹಿಂದೆ ಐರ್ಲೆಂಡಿನವರಾದ ನನ್ನ ಮೊದಲ ಬಾಸ್ ಊರಿಗೆ ಹೊರಟಾಗ ತಮ್ಮ ಕಿಲ್‌ಬೇ ಕ್ಲಬ್ಬಿನ ಹಸಿರು ಜರ್ಸಿಯನ್ನು ನನ್ನ ಕೈಗಿಟ್ಟರು. ತೊಟ್ಟರೆ ಮೊಣಕಾಲು ಮುಚ್ಚುತ್ತಿತ್ತು. ಅಂದಿನಿಂದ ನಾನು ಕಿಲ್‌ಬೇಯವನು. ಅಂದಿನಿಂದ ಅದು ಗೆದ್ದದ್ದನ್ನು ಒಂದೇ ಕೈಯಲ್ಲಿ ಎಣಿಸಿ ಮುಗಿಸಿದ್ದೇನೆ. ಇನ್ನೊಂದು ಕೈ ಹಣೆ ಚಚ್ಚಿಕೊಳ್ಳಲು ಬೇಕಲ್ಲ.

ಸೋಲುವುದರಲ್ಲೂ ಒಂದು ಮರ್ಯಾದೆ ಬೇಡವೇ? ಹದಿನೈದು ಜನ, ಒಬ್ಬೊಬ್ಬನೂ ನಮ್ಮ ಫಿಂಟಾಸ್ ಫ್ಲ್ಯಾಟಿನ ಫ್ರಿಜ್ಜಿಗಿಂತ ಅಗಲ. ಅಷ್ಟು ಕಷ್ಟಪಟ್ಟು ಚೆಂಡು ಗೆದ್ದುಕೊಂಡವರು ಮರುಕ್ಷಣವೇ ಅದನ್ನು ಒದ್ದು ಎದುರಾಳಿಯ ಕೈಗೇ ಕೊಡುತ್ತಾರೆ, ಮದುವೆ ಮನೆಯಲ್ಲಿ ಉಡುಗೊರೆ ಕೊಟ್ಟಂತೆ. ಸ್ಕ್ರಮ್ ಎಂದು ಎಂಟೆಂಟು ಜನ ತಲೆ ಕೊಟ್ಟು ಗುದ್ದಾಡುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ರೆಫರಿ ಬುದ್ಧಿ ಹೇಳುತ್ತಾನೆ, ಮತ್ತೆ ಬೀಳುತ್ತಾರೆ. ಅಷ್ಟರಲ್ಲಿ ನಾನು ಗುರುವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಐದನೇ ರಿಂಗ್ ರೋಡನ್ನು ಎರಡು ಸಲ ಸುತ್ತಿ ಬರಬಲ್ಲೆ. ಸಂಶಯ ಬಂದರೆ ಟಿ.ಎಂ.ಒ. ಎಂಬಾತ ಟೀವಿಯ ಮುಂದೆ ಕೂತು ತೀರ್ಪು ಕೊಡುತ್ತಾನೆ. ಅವನು ತೀರ್ಪು ಕೊಡುವುದರೊಳಗೆ ನನ್ನ ಗಡ್ಡ ಬೆಳೆದದ್ದೂ ಉಂಟು.

ನನ್ನ ಹೆಂಡತಿ ಶರ್ಲಿನ್ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಈ ಆಟ ಕಂಡರೆ ಆಗದು. "ಚೆಂಡು ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದ್ರೆ ಅದಕ್ಕೆ ಎಂತ ಹೇಳ್ತಾರೆ?" ಎಂದು ಒಮ್ಮೆ ಕೇಳಿದಳು. ಟ್ರೈ, ಐದು ಅಂಕ ಎಂದೆ. "ಬರೀ ಟ್ರೈ ಮಾಡಿದ್ದಕ್ಕೆ ಐದಾ? ನಮ್ಮ ವಾರ್ಡಲ್ಲಿ ಮಾಡಿ ಮುಗಿಸಿದ್ರೂ ಒಂದು ಥ್ಯಾಂಕ್ಸ್ ಇಲ್ಲ!"

ಆದರೆ ಈ ಕಥೆ ಟ್ರೈಯದ್ದಲ್ಲ, ಇನ್ನೊಂದು ಪದದ್ದು. ಚೆಂಡು ಹಿಡಿದು ಓಡುವವನನ್ನು ಎದುರಾಳಿ ಕೆಡವಿದರೆ ಬಿದ್ದವನು ಆ ಕ್ಷಣವೇ ಚೆಂಡನ್ನು ಬಿಡಬೇಕು. ಅಪ್ಪಿಕೊಂಡು ಮಲಗಿದರೆ ತಪ್ಪು. ಅದಕ್ಕೇ ರೆಫರಿ ಪಂದ್ಯದುದ್ದಕ್ಕೂ ಕೂಗುತ್ತಾನೆ: "ರಿಲೀಸ್! ರಿಲೀಸ್!"

ಕುವೈತಿನಲ್ಲಿ ಈ ಪದವನ್ನು ಹೀಗೆ ಗಟ್ಟಿಯಾಗಿ ಕೂಗಬಾರದು. ಇಲ್ಲಿ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಇಕಾಮಾ, ಅಂದರೆ ವಾಸದ ಪರವಾನಗಿ, ಬದಲಿಸಬೇಕಾದರೆ ಹಳೆಯ ಕಂಪನಿ ಕೊಡಬೇಕಾದ ಒಪ್ಪಿಗೆಗೆ ಹೆಸರೇ ರಿಲೀಸ್. ಆ ಪದ ಕಿವಿಗೆ ಬಿದ್ದರೆ ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುವ ನಲವತ್ತು ಜನ ಒಟ್ಟಿಗೆ ಕಣ್ಣು ಬಿಡುತ್ತಾರೆ.

ಶರ್ಲಿನ್‌ಳ ತಮ್ಮ ಸೆಡ್ರಿಕ್‌ಗೆ ಬೇಕಾಗಿದ್ದದ್ದು ಅದೇ. ಅವನೂ ನಾನೂ ಮೀನಾ ಅಬ್ದುಲ್ಲಾ ರಿಫೈನರಿಯ ಒಂದೇ ಕಾಂಟ್ರಾಕ್ಟ್ ಕಂಪನಿಯಲ್ಲಿದ್ದೆವು. ಅವನು ಟೆಕ್ನಿಶಿಯನ್, ಮಾತು ಕಡಿಮೆ, ನಾಚಿಕೆ ಜಾಸ್ತಿ. ಬೇರೆ ಕಂಪನಿಯಲ್ಲಿ ಫ್ಯಾಮಿಲಿ ವೀಸಾ ಸಿಗುವ ಕೆಲಸವೊಂದು ಒದಗಿತ್ತು. ಅದು ಕೈಗೂಡಿದರೆ ಮೂಡುಬಿದಿರೆಯಲ್ಲಿರುವ ಹೆಂಡತಿ ಜಾನಿಸ್ ಮತ್ತು ಎರಡು ವರ್ಷದ ಮಗಳು ಇಲ್ಲಿಗೆ ಬರಬಹುದು. ಆ ಮಗು ಅಪ್ಪನೆಂದರೆ ಚಾರ್ಜರಿಗೆ ಸಿಕ್ಕಿಸಿಡುವ ಒಂದು ವಸ್ತು ಎಂದು ತಿಳಿದಿತ್ತು. ಹೊಸ ಕಂಪನಿಯವರು ಸೋಮವಾರದವರೆಗೆ ಕಾಯುತ್ತೇವೆ, ಆಮೇಲೆ ಖಲಾಸ್, ಬೇರೆಯವನನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು.

ನಮ್ಮಲ್ಲಿ ಮ್ಯಾನೇಜರ್ ರೀಸ್ ಸಾಹೇಬರ ಸಹಿ ಆದರೆ ಮಾತ್ರ ಕಂಪನಿಯ ಸರ್ಕಾರಿ ಕಾಗದ ಓಡಿಸುವ ಮಂದೂಬ್ ಅರ್ಜಿಯನ್ನು ಮುಟ್ಟುತ್ತಿದ್ದ. ರೀಸ್ ಸಾಹೇಬರು ನನ್ನ ಮುಷ್ಟಿಯಲ್ಲಿದ್ದರು. ನಾನು ಡಾಕ್ಯುಮೆಂಟ್ ಕಂಟ್ರೋಲರ್. ನನ್ನ ಕೈ ದಾಟದೆ ಅವರ ಮೇಜಿಗೆ ಒಂದು ಚೀಟಿಯೂ ಹೋಗದು. ರಿಫೈನರಿಯ ಅರ್ಧ ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದು ನನಗೇ ಗೊತ್ತು, ಇನ್ನರ್ಧ ನನ್ನನ್ನು ಕೇಳಿಯೇ ಹೋಗುತ್ತವೆ. ಅರ್ಜಿ ಬಂದ ದಿನವೇ ಅದನ್ನು ಹೊಸ ಫೈಲಿನಲ್ಲಿ ಹಾಕಿ, ಯಾರ ಕಣ್ಣಿಗೂ ತಪ್ಪದಿರಲಿ ಎಂದು ಮೇಲೆ ಕೆಂಪು ಮಾರ್ಕರಿನಲ್ಲಿ ರಿಲೀಸ್ ಎಂದು ಆನೆ ಗಾತ್ರದ ಅಕ್ಷರದಲ್ಲಿ ಬರೆದು ನನ್ನ ಟ್ರೇಯಲ್ಲಿ ಇಟ್ಟಿದ್ದೆ.

"ಭಾವ, ಸಾಹೇಬರತ್ರ ಕೇಳಿದ್ರಾ?" ಎಂದು ಸೆಡ್ರಿಕ್ ವಾರಕ್ಕೊಮ್ಮೆ ಕೇಳುತ್ತಿದ್ದ.

"ಕೇಳಿ ಆಯ್ತು, ಮಾರಾಯ. ಸಾಹೇಬ್ರು ಆಲೋಚನೆ ಮಾಡ್ತಾ ಇದ್ದಾರೆ. ಮೂಡ್ ನೋಡಿ ಸೈನ್ ಹಾಕಿಸ್ತೇನೆ."

ಕೇಳಿರಲಿಲ್ಲ. ಯಾಕೆಂದರೆ ಮೂಡ್ ಇರಲಿಲ್ಲ. ಸಾಹೇಬರು ವೇಲ್ಸಿನವರು, ಅವರದು ಪೆನ್‌ಮೋರ್ ಕ್ಲಬ್. ಶನಿವಾರ ಪೆನ್‌ಮೋರ್ ಸೋತರೆ ಭಾನುವಾರ ಬೆಳಿಗ್ಗೆ ಅವರ ಬಾಗಿಲ ಬಳಿ ಎ.ಸಿ. ಕೂಡ ಉಸಿರು ಬಿಗಿಹಿಡಿಯುತ್ತಿತ್ತು. ಗೆದ್ದ ಮರುದಿನ ಕೇಳೋಣ ಎಂದು ಕಾದೆ. ಒಂಬತ್ತು ಶನಿವಾರ ಕಾದೆ. ಒಂಬತ್ತೂ ಸೋತರು. ಲೀಗಿನಲ್ಲಿ ಅವರಿಗಿಂತ ಕೆಳಗೆ ಇದ್ದದ್ದು ಒಂದೇ ತಂಡ, ಹನ್ನೊಂದು ಪಂದ್ಯ ಸತತವಾಗಿ ಸೋತಿದ್ದ ನನ್ನ ಕಿಲ್‌ಬೇ.

ಹತ್ತನೆಯ ಶನಿವಾರ, ಹೊಸ ಕಂಪನಿಯ ಸೋಮವಾರಕ್ಕೆ ಎರಡೇ ದಿನ ಇರುವಾಗ, ಈ ಎರಡೂ ಎದುರುಬದುರಾದವು.

ನಾನು ಕುಣಿದಾಡಿಬಿಟ್ಟೆ. ಕಿಲ್‌ಬೇ ಸೋಲುತ್ತದೆ. ಆ ಒಂದು ಕೆಲಸದಲ್ಲಿ ಅದು ನನಗೆ ಎಂದೂ ಕೈ ಕೊಟ್ಟಿಲ್ಲ. ಸಾಹೇಬರನ್ನು ಮನೆಗೇ ಕರೆದೆ, ಸೆಡ್ರಿಕ್‌ನನ್ನೂ ಕರೆದೆ. "ನೀನು ಮಾತಾಡ್ಬೇಡ. ಮ್ಯಾಚ್ ಮುಗಿದ ಕೂಡಲೇ ಸಾಹೇಬ್ರು ಖುಷಿಯಲ್ಲಿ ಇರ್ತಾರಲ್ಲ, ಆಗ ನಾನು ಒಂದೇ ಮಾತಲ್ಲಿ ಮುಗಿಸ್ತೇನೆ," ಎಂದು ಅವನಿಗೆ ತಾಕೀತು ಮಾಡಿದೆ. ಶರ್ಲಿನ್ ನಮ್ಮ ಕಡೆಯ ಇಡ್ಲಿಯಾದ ಸಣ್ಣವನ್ನೂ ಕೋಳಿ ಸುಕ್ಕವನ್ನೂ ಮಾಡಿದಳು. ಸಂಜೆ ಆರಕ್ಕೆ ಪಂದ್ಯ ಶುರು. ಬಿಯರ್ ಸಿಗದ ದೇಶದಲ್ಲಿ ಸಾಹೇಬರು ಮಾಲ್ಟ್ ಡ್ರಿಂಕಿನ ಕ್ಯಾನನ್ನೇ ದೇವರ ಮೇಲೆ ಭಾರ ಹಾಕಿ ಕುಡಿದರು.

ಆರನೇ ನಿಮಿಷಕ್ಕೆ ಕಿಲ್‌ಬೇಯವನೊಬ್ಬ ಚೆಂಡನ್ನು ಎಂದಿನಂತೆ ಸುಮ್ಮನೆ ಒದ್ದ. ಅದು ಪೆನ್‌ಮೋರಿನವನ ಮುಖಕ್ಕೆ ಬಡಿದು ವಾಪಸು ಬಂದು ಒದ್ದವನ ಕೈಯಲ್ಲೇ ಕೂತಿತು. ಅವನು ಬೆಚ್ಚಿ ಓಡಿ ಗೆರೆ ದಾಟಿ ಬಿದ್ದ. ಟ್ರೈ! ಮೇಲಿಂದ ಕಂಬದ ನಡುವಿನ ಒದೆತವೂ ಸೇರಿ ಏಳು ಅಂಕ.

"ಛೇ!" ಎಂದು ನಾನು ತಲೆ ಹಿಡಿದುಕೊಂಡೆ.

ಸಾಹೇಬರು ನನ್ನನ್ನು ವಿಚಿತ್ರವಾಗಿ ನೋಡಿದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುತ್ತಿದ್ದೇನೆ, ಬೈಗುಳಗಳನ್ನು ಅಲ್ಲೇ ಬಿಟ್ಟು. "ಡೆನಿಸ್, ಟ್ರೈ ಹೊಡೆದದ್ದು ನಿನ್ನ ತಂಡ. ನಿನಗೆ ಜ್ವರವೇ?"

"ಇಲ್ಲ ಸರ್. ಆಟ ಚೆನ್ನಾಗಿರಬೇಕು ಅಷ್ಟೆ. ಪೆನ್‌ಮೋರಿಗೆ ಅನ್ಯಾಯ ಆಯ್ತು."

ಹದಿನಾಲ್ಕು ವರ್ಷ ಉಪವಾಸ ಇದ್ದವನಿಗೆ ಅನ್ನ ಬಡಿಸಿ, ಬಾಯಿ ತೆರೆಯಬೇಡ ಎಂದರೆ ಹೇಗಾಗಬೇಡ? ಅಂದು ಕಿಲ್‌ಬೇ ಆಡಿದ ಆಟವನ್ನು ಏನೆಂದು ಹೇಳಲಿ! ಬಿದ್ದ ಚೆಂಡು ಅವರ ಕಡೆಗೇ ಪುಟಿಯುತ್ತಿತ್ತು. ಸ್ಕ್ರಮ್ ಕುಸಿದರೆ ಶಿಕ್ಷೆ ಪೆನ್‌ಮೋರಿಗೆ. ಇನ್ನೊಂದು ಟ್ರೈ ಹೊಡೆದರು, ಅದರ ಮೇಲಿನ ಒದೆತವೂ ಒಂದು ಪೆನಾಲ್ಟಿಯೂ ಸೇರಿ ಹದಿನೇಳು. ಇಷ್ಟು ವರ್ಷ ನಾನು ಮೇಣದ ಬತ್ತಿ ಹಚ್ಚಿದಾಗ ಎಲ್ಲಿ ಹೋಗಿದ್ದಿರಿ, ಮಕ್ಕಳಿರಾ? ಇವತ್ತೇ ಬೇಕಿತ್ತೇ?

ನಮ್ಮವರ ತಪ್ಪುಗಳೊಂದೇ ನನಗೆ ಆಸರೆ. ಅವುಗಳ ದಯೆಯಿಂದ ಪೆನ್‌ಮೋರ್ ಮೂರು ಮೂರು ಅಂಕವಾಗಿ ಐದು ಪೆನಾಲ್ಟಿ ಗಳಿಸಿ ಹದಿನೈದಕ್ಕೆ ಬಂತು. ಈ ಮಧ್ಯೆ ರೆಫರಿ "ರಿಲೀಸ್!" ಎಂದಾಗಲೆಲ್ಲ ಸೋಫಾದ ತುದಿಯಲ್ಲಿ ಕೂತಿದ್ದ ಸೆಡ್ರಿಕ್ ಅರ್ಧ ಏಳುತ್ತಿದ್ದ. ಐದಾರು ಸಲ ಹಾಗಾದ ಮೇಲೆ ಶರ್ಲಿನ್ ಅಡುಗೆಮನೆಯಿಂದ ಇಣುಕಿದಳು.

"ಎಂತ ಸೆಡ್ಡಿ, ಸೋಫಾದಲ್ಲಿ ಮೊಳೆ ಉಂಟಾ?"

"ಇಲ್ಲ ಅಕ್ಕ. ಅವ ನನ್ನನ್ನೇ ಕರೆದ ಹಾಗೆ ಆಗ್ತದೆ."

ಕೊನೆಯ ನಿಮಿಷ. ಹದಿನೇಳು, ಹದಿನೈದು. ಚೆಂಡು ಕಿಲ್‌ಬೇ ಬಳಿ. ಹೊರಗೆ ಒದ್ದು ಹಾಕಿದರೆ ಮುಗಿಯಿತು, ಗೆದ್ದರು. ಆದರೆ ಹೊರಗೆ ಒದ್ದರೆ ಅವರನ್ನು ಕಿಲ್‌ಬೇ ಎನ್ನುವುದು ಹೇಗೆ? ಒಬ್ಬ ಮಹಾನುಭಾವ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಂಟಿಯಾಗಿ ಎದುರಾಳಿಗಳ ಗುಂಪಿನೊಳಕ್ಕೆ ನುಗ್ಗಿದ. ಕೆಡವಿದರು. ಮೇಲೆ ಮೂವರು ಬಗ್ಗಿ ಚೆಂಡಿಗೆ ಕೈ ಹಾಕಿದರು. ಇವನು ಬಿಡಲೊಲ್ಲ.

"ರಿಲೀಸ್!" ಎಂದ ರೆಫರಿ.

"ರಿಲೀಸ್!" ಎಂದು ಸಾಹೇಬರೂ ಕೂಗಿದರು. "ಚೆಂಡಿನ ಮೇಲೆ ಮಲಗಿಬಿಟ್ಟಿದ್ದಾನೆ ನೋಡು! ಬಿಡೋ!"

"ಚೆಂಡು ಬಿಡು ಮಾರಾಯಾ!" ಎಂದು ನಾನೂ ಕೂಗಿದೆ. ನನ್ನ ತಂಡದವನಿಗೆ! ಆ ಬೊಬ್ಬೆಗೆ ಪಕ್ಕದೂರು ಮಹಬೂಲಾದ ಕಿಟಕಿಗಳೂ ಅದುರಿರಬೇಕು.

ರೆಫರಿ ಪೀಪಿ ಊದಿದ. ಪೆನ್‌ಮೋರಿಗೆ ಪೆನಾಲ್ಟಿ ಒದೆತ, ಹೊಡೆದರೆ ಮೂರು ಅಂಕ, ಗೆಲುವು ಅವರದೇ. ಕಂಬದ ನೇರಕ್ಕೆ, ಶರ್ಲಿನ್ ಕೂಡ ಒದೆಯಬಹುದಾದಷ್ಟು ಹತ್ತಿರ. ಒದೆಯುವವನಿಗೆ ಅರವತ್ತು ಸೆಕೆಂಡು, ಗಡಿಯಾರ ತೆರೆಯ ಮೂಲೆಯಲ್ಲಿ ಓಡತೊಡಗಿತು. ನಾನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡೆ. ಆ ಹೊತ್ತಿಗೆ ಸೆಡ್ರಿಕ್ ಬಾಯಿ ತೆರೆದ.

"ಸರ್, ಬಿದ್ದವನಿಗೆ ಎಷ್ಟು ಟೈಮ್ ಕೊಡ್ತಾರೆ? ಚೆಂಡು ಬಿಡ್ಲಿಕ್ಕೆ?"

"ಟೈಮೇ? ತಕ್ಷಣ ಬಿಡಬೇಕು! ತನ್ನ ಕೈಯಲ್ಲಿ ಏನೂ ಮಾಡಲಾಗದ ವಸ್ತುವನ್ನು ಹಿಡಿದು ಮಲಗುವುದು ಶುದ್ಧ ಮೋಸ."

"ಹೌದು ಸರ್," ಎಂದ ಸೆಡ್ರಿಕ್. "ನನ್ನದು ಅರವತ್ಮೂರು ದಿನ ಆಯ್ತು ಸರ್."

ನಾನು ಅವನ ಪಾದ ತುಳಿದೆ. ತಡವಾಗಿತ್ತು.

"ಯಾವುದು?" ಎಂದರು ಸಾಹೇಬರು, ಕಣ್ಣನ್ನು ತೆರೆಯಿಂದ ಕೀಳದೆ.

"ರಿಲೀಸ್ ಸರ್. ನಿಮ್ಮ ಟೇಬಲ್ ಮೇಲೆ ಉಂಟಲ್ಲ, ನೀವು ಆಲೋಚನೆ ಮಾಡ್ತಾ ಇರುದು. ಸೋಮವಾರ ಲಾಸ್ಟ್."

ಸಾಹೇಬರು ಈಗ ಅವನತ್ತ ತಿರುಗಿದರು. "ನನ್ನ ಮೇಜಿನ ಮೇಲೆ ನಿನ್ನ ಕಾಗದ ಯಾವುದೂ ಇಲ್ಲ. ನಾನು ಈ ವಿಷಯ ಕೇಳುತ್ತಿರುವುದೇ ಈಗ."

ಆ ಗಳಿಗೆಯಲ್ಲಿ ಪೆನ್‌ಮೋರಿನವನು ಒದ್ದ. ಚೆಂಡು ಬಲಗಂಬಕ್ಕೆ ಠಣ್ಣನೆ ಬಡಿದು ಹೊರಗೆ ಹೋಯಿತು. ಆಟ ಮುಗಿಯಿತು. ಕಿಲ್‌ಬೇ ಗೆದ್ದಿತು. ಹನ್ನೊಂದು ಸೋಲಿನ ನಂತರದ ಗೆಲುವು! ಐರ್ಲೆಂಡಿನ ಆ ಊರಿನಲ್ಲಿ ಜನ ಮುದುಕಿಯರನ್ನು ಎತ್ತಿಕೊಂಡು ಕುಣಿಯುತ್ತಿದ್ದಿರಬೇಕು. ಇತ್ತ ಅದರ ಅತಿ ದೊಡ್ಡ ಅಭಿಮಾನಿ ಫಿಂಟಾಸಿನಲ್ಲಿ ಬೆವರುತ್ತ ಕೂತಿದ್ದ. ಒಂದು ಕಡೆ ಸೆಡ್ರಿಕ್, ಇನ್ನೊಂದು ಕಡೆ ಸಾಹೇಬರು, ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದ ಶರ್ಲಿನ್. ಮೂವರೂ ನನ್ನನ್ನೇ ನೋಡುತ್ತಿದ್ದರು.

"ನಾಳೆ ಬೆಳಿಗ್ಗೆ ಏಳಕ್ಕೆ ಹುಡುಕಿ ತಾ," ಎಂದಷ್ಟೇ ಹೇಳಿ ಸಾಹೇಬರು ಷೂ ಹಾಕಿಕೊಂಡರು.

ಅವರು ಹೋದ ಮೇಲೆ ಶರ್ಲಿನ್ ಸೌಟನ್ನು ಕೆಳಗಿಡದೆ ಕೇಳಿದಳು. "ಸಾಹೇಬ್ರತ್ರ ಕೇಳಿ ಆಯ್ತು ಅಂತ ಹೇಳಿದ್ರಲ್ಲ?"

"ಮನಸ್ಸಿನಲ್ಲಿ ಕೇಳಿದ್ದೆ."

ಸೆಡ್ರಿಕ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಾಳೆ ಸಿಗ್ತದಾ ಭಾವ?" ಎಂದ, ಅಷ್ಟೇ. ನಾನು ಬೆಳಗಿನ ನಾಲ್ಕಕ್ಕೆ ಅಲಾರಂ ಇಟ್ಟೆ.

ಭಾನುವಾರ ಐದೂವರೆಗೇ ಆಫೀಸಿನಲ್ಲಿದ್ದೆ. ಟ್ರೇ ಜಾಲಾಡಿದೆ, ಇಲ್ಲ. ಸಾಹೇಬರ ಮೇಜು, ಅಲ್ಲೂ ಇಲ್ಲ. ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಆರೂಮುಕ್ಕಾಲಿಗೆ ಬೆನ್ನ ಹಿಂದಿನ ಕಬ್ಬಿಣದ ಕಪಾಟಿಗೆ ಒರಗಿ ನಿಂತವನು ತಿರುಗಿ ಅದರ ಮೇಲಿನ ಪಟ್ಟಿ ಓದಿದೆ. ಅದು ನನ್ನದೇ ಕೈಬರಹ. ನಮ್ಮ ಕೆಲಸದಲ್ಲಿ ಸಹಿಗಳೆಲ್ಲ ಆಗಿ ಸೈಟಿಗೆ ಹೊರಟ ನಕ್ಷೆಗೆ ಏನೆನ್ನುತ್ತೇವೆ? ರಿಲೀಸ್. ಅದಕ್ಕೆ ಕೆಂಪು ಮಾರ್ಕರಿನಲ್ಲಿ ಹಾಗೆ ಬರೆದು ಈ ಕಪಾಟಿಗೆ ಸೇರಿಸುವುದು. ಸೇರಿಸಿದ ಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ, ಮುಗಿದ ಕೆಲಸವಲ್ಲವೇ! ಇಡೀ ಕುವೈತಿಗೇ ಮಾದರಿಯಾಗಬಲ್ಲ ಈ ಪದ್ಧತಿಯನ್ನು ಕಂಡುಹಿಡಿದವನು ನಾನೇ.

ಬಾಗಿಲು ತೆರೆದೆ. ಪಂಪ್‌ಹೌಸಿನ ಎರಡು ನಕ್ಷೆಗಳ ನಡುವೆ, ಆನೆ ಗಾತ್ರದ ಕೆಂಪು ಅಕ್ಷರ ಹೊತ್ತು, ಸೆಡ್ರಿಕ್‌ನ ಫೈಲು ಅರವತ್ನಾಲ್ಕನೆಯ ದಿನದ ನಿದ್ದೆಯಲ್ಲಿತ್ತು. ಬೇರೆ ಕಾಗದಗಳ ಜೊತೆ ಅದನ್ನೂ ಎತ್ತಿ ಅಲ್ಲಿಟ್ಟವನು ನಾನೇ. ಆ ಕಪಾಟಿನ ಬೀಗದ ಕೈ ಇರುವುದು ನನ್ನೊಬ್ಬನ ಬಳಿ.

ಅದನ್ನು ಟ್ರೇಗೆ ಜಾರಿಸಿ, "ಇಲ್ಲೇ ಇತ್ತು ಸರ್, ಯಾರೋ ಅಡಿಯಲ್ಲಿ ಹಾಕಿದ್ದರು," ಎನ್ನಬಹುದಿತ್ತು. ಅಂಥ ಹತ್ತು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಹಿಂದಿನ ದಿನ ಟೀವಿಯಲ್ಲಿ ಆ ಮಹಾನುಭಾವ ಚೆಂಡನ್ನು ಹೊಟ್ಟೆಯಡಿ ಅದುಮಿಕೊಂಡು, ಎರಡೂ ಕೈ ಚಾಚಿ ನಾನೇನು ಮಾಡಿದೆ ಎಂಬಂತೆ ರೆಫರಿಯನ್ನು ನೋಡಿದ ಮುಖ ನೆನಪಾಯಿತು. ಆ ಮುಖ ನನಗೆ ಬೇಡ ಅನ್ನಿಸಿತು.

"ಸರ್, ನನ್ನ ಕಪಾಟಿನಲ್ಲಿತ್ತು. ನಾನೇ ಇಟ್ಟದ್ದು," ಎಂದು ಫೈಲನ್ನು ಸಾಹೇಬರ ಮುಂದಿಟ್ಟೆ.

ಅವರು ಕೆಂಪು ಅಕ್ಷರ ನೋಡಿದರು. ನನ್ನನ್ನು ನೋಡಿದರು. ಒಳಗಿನ ಕಾಗದ ತೆಗೆದು ಒಂದೇ ಗೀಟಿನಲ್ಲಿ ಸಹಿ ಹಾಕಿದರು. ಪೆನ್‌ಮೋರ್ ಸೋತ ಮರುದಿನ! ಅವರ ಮೂಡಿಗೂ ಸಹಿಗೂ ಸಂಬಂಧವೇ ಇರಲಿಲ್ಲವಂತೆ, ಕೇಳಿದ್ದರೆ ಮೊದಲ ದಿನವೇ ಹಾಕುತ್ತಿದ್ದರಂತೆ. ಆಮೇಲೆ ಎದ್ದು ನಿಂತು, ಎರಡು ಬೆರಳು ತುಟಿಗಿಟ್ಟು ಪೀಪಿಯಂತೆ ಊದಿ, ಬಲಗೈಯನ್ನು ರೆಫರಿಯಂತೆ ನೆಟ್ಟಗೆ ಎತ್ತಿ ಸೆಡ್ರಿಕ್ ಕೆಲಸ ಮಾಡುವ ವರ್ಕ್‌ಶಾಪಿನ ದಿಕ್ಕಿಗೆ ತೋರಿಸಿದರು.

"ಚೆಂಡು ಹಿಡಿದು ಮಲಗಿದ ತಪ್ಪಿಗೆ. ಪೆನಾಲ್ಟಿ ಆ ತಂಡಕ್ಕೆ. ಯಲ್ಲಾ, ಓಡು!"

ನಾನು ಓಡಿದೆ. ಐವತ್ತೆರಡು ವರ್ಷದ ಮನುಷ್ಯ, ಫೈಲನ್ನು ಕಂಕುಳಲ್ಲಿ ಅವುಚಿಕೊಂಡು, ಪೈಪುಗಳ ನಡುವೆ ಬಿಸಿಲಿನಲ್ಲಿ ಓಡಿದ ಆ ವೇಗವನ್ನು ಕಿಲ್‌ಬೇಯವರು ನೋಡಿದ್ದರೆ ಅಲ್ಲೇ ಕಾಂಟ್ರಾಕ್ಟ್ ಕೊಡುತ್ತಿದ್ದರು. ಸೆಡ್ರಿಕ್ ಫೈಲಿಗೆ ಕೈ ಚಾಚಿದ. ನನಗೆ ಉಸಿರು ಸಿಗದೆ ಫೈಲನ್ನು ಹಿಡಿದೇ ನಿಂತಿದ್ದೆ.

"ಭಾವ," ಎಂದ ಅವನು ಮೆಲ್ಲಗೆ, "ರಿಲೀಸ್."

ಬಿಟ್ಟೆ.