ಆಯುಧ ಪೂಜೆಗೆ ಕೂತ ಟೆಲಿಸ್ಕೋಪ್

ಟೆಲಿಸ್ಕೋಪ್ ಮನೆಗೆ ಬಂದ ಮೊದಲ ವರ್ಷದ ಆಯುಧ ಪೂಜೆಯಲ್ಲಿ ಅಂಗಡಿಯ ತಕ್ಕಡಿಗೆ ಕುಂಕುಮ ಬಿತ್ತು, ಕುಡುಗೋಲಿಗೆ ಬಿತ್ತು, ಸ್ಕೂಟರಿಗೆ, ಮಿಕ್ಸಿಗೆ, ಯಾವತ್ತೋ ಕೆಟ್ಟು ಅಟ್ಟ ಸೇರಿದ್ದ ಇಸ್ತ್ರಿಪೆಟ್ಟಿಗೆಗೂ ಬಿತ್ತು. ನನ್ನ ಟೆಲಿಸ್ಕೋಪಿಗೆ ಬೀಳಲಿಲ್ಲ.

“ಅತ್ತೆ, ನಂದು?” ಎಂದು ಕೇಳಿದೆ.

“ಆ ಕೊಳವೆನಾ? ಅದು ಆಟದ ಸಾಮಾನಲ್ವೇನೇ,” ಎಂದರು ನನ್ನ ಅತ್ತೆ ಗುರುಶಾಂತಮ್ಮ.

ಮೈಯೆಲ್ಲ ಉರಿದುಹೋಯಿತು. “ಕೆಟ್ಟ ಇಸ್ತ್ರಿಪೆಟ್ಟಿಗೆಗಿಂತ ಕಡೆಯಾಯ್ತಾ ನನ್ನ ಕೆಲಸ?” ಎಂದು ನೆಂಟರ ಎದುರೇ ಕೇಳಿಬಿಟ್ಟೆ. ಅತ್ತೆ ಮಂಗಳಾರತಿ ತಟ್ಟೆ ಎತ್ತಿಕೊಂಡರು. ಆದರೆ ಆ ಮಾತನ್ನು ಮರೆತಿರಲಿಲ್ಲ ಎಂಬುದು ನನಗೆ ಗೊತ್ತಾಗಲು ಇನ್ನೊಂದು ಹಬ್ಬ ಬರಬೇಕಾಯಿತು.

ನಾನು ತರೀಕೆರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಮನೆ ಅಜ್ಜಂಪುರದಲ್ಲಿ. ಕೆಳಗೆ ನನ್ನ ಗಂಡ ರೇಣುಕಪ್ರಸಾದರ ಬೀಜ, ಗೊಬ್ಬರದ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಸೂರ್ಯನ ಅಬ್ಬರ ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಏರುವ ಆ ಕಾಲದಲ್ಲಿ ಬೇರೆ ಬೇರೆ ಊರುಗಳಿಂದ ಬಿಡದೆ ಅವನನ್ನು ನೋಡಬೇಕೆಂದು ಒಂದು ಸಂಶೋಧನಾ ಸಂಸ್ಥೆ ನಮ್ಮಂಥ ಕೆಲವು ಮೇಷ್ಟರಿಗೆ ಸೌರ ಟೆಲಿಸ್ಕೋಪ್‌ಗಳನ್ನು ಕೊಟ್ಟಿತ್ತು. ಎರಡು ವರ್ಷ ಸರಿಯಾಗಿ ಚಿತ್ರ ಕಳಿಸಿದವರಲ್ಲಿ ಒಬ್ಬರನ್ನು ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಸಂಶೋಧನೆಗೆ ಕರೆಯುತ್ತಾರೆ. ಆ ಒಬ್ಬರು ನೀನೇ ಆಗ್ತೀಯ ಎಂದು ಸಂಸ್ಥೆಯ ಮಾನಸ ಮೇಡಂ ಫೋನಿನಲ್ಲಿ ಹೇಳಿದಾಗ ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟಿದ್ದೆ. ಮದುವೆಯಾಗಿ ಇಲ್ಲಿಗೆ ಬಂದಮೇಲೆ ನಾನು ಅಷ್ಟು ಆಸೆಯಿಂದ ಬಯಸಿದ್ದು ಅದೊಂದನ್ನೇ.

ಗಂಡನಿಗೆ ಹೇಳಿದೆ. “ನೋಡೋಣ,” ಎಂದರು.

ನಮ್ಮ ಮನೆಯವರ ಸ್ವಭಾವ ಹಾಗೆ. ಬೇಡ ಎಂದು ಯಾವತ್ತೂ ಹೇಳುವವರಲ್ಲ. ಬಿ.ಎಡ್. ಮಾಡಲೇ ಎಂದಾಗ ನೋಡೋಣ, ಪಂಚನಹಳ್ಳಿಯ ತವರಿಗೆ ಹದಿನೈದು ದಿನ ಹೋಗಿಬರಲೇ ಎಂದಾಗ ನೋಡೋಣ. ಜಗಳವಾಡೋಣವೆಂದರೆ ಹಿಡಿಯಲು ಒಂದು ಕೊನೆಯೂ ಸಿಗದು. ಊರಿನ ಹೆಂಗಸರು ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಗಂಡ ಒಂದು ದಿನವೂ ದನಿ ಎತ್ತಿ ಮಾತಾಡಿದವರಲ್ಲವಂತೆ.

ಬೆಳಿಗ್ಗೆ ತಾರಸಿಯ ಸಿಮೆಂಟು ಕಾಯುವ ಮುಂಚೆ ಸೂರ್ಯನನ್ನು ನೋಡಬೇಕು. ಬಿಸಿ ಏರಿತೆಂದರೆ ಚಿತ್ರ ನಡುಗುತ್ತದೆ. ಒಂದು ಪಕ್ಕ ಅತ್ತೆಯ ಸಂಡಿಗೆಯ ಸೀರೆ, ಇನ್ನೊಂದು ಪಕ್ಕ ನನ್ನ ಟೆಲಿಸ್ಕೋಪ್. ಅದರ ಮೂತಿಯಲ್ಲಿ ವಿಶೇಷ ಲೇಪನದ ಗಾಜುಗಳಿದ್ದವು. ಅವು ಸೂರ್ಯನ ಬೆಳಕನ್ನೆಲ್ಲ ತಡೆದು ಕೆಂಪಿನ ಒಂದೇ ಒಂದು ಎಳೆಯನ್ನು ಒಳಗೆ ಬಿಡುತ್ತಿದ್ದವು. ಆ ಎಳೆಯಲ್ಲಿ ಸೂರ್ಯ ಬೇರೆಯೇ. ಬರಿಗಣ್ಣಿಗೆ ತಟ್ಟೆಯಂತೆ ಕಾಣುವವನ ಅಂಚಿನಲ್ಲಿ ಬೆಂಕಿಯ ಕಮಾನುಗಳು ಏಳುತ್ತವೆ, ಗಂಟೆಗಟ್ಟಲೆ ತೂಗುತ್ತವೆ, ಒಂದೊಂದು ಸಲ ಬುಡ ಕಳಚಿ ಆಕಾಶಕ್ಕೆ ಹಾರಿಹೋಗುತ್ತವೆ. ಆ ಕಮಾನಿನ ಕೆಳಗೆ ನಮ್ಮ ಭೂಮಿಯನ್ನು ನಿಲ್ಲಿಸಿದರೆ ಗೋಲಿಯಷ್ಟೂ ಕಾಣುವುದಿಲ್ಲ. ಅದನ್ನು ನೋಡಿದ ಮೇಲೆ ಕೆಳಗಿಳಿದು ಸಾರಿಗೆ ಹುಳಿ ಹೆಚ್ಚಾಯಿತೆಂಬ ಮಾತು ಕೇಳಿಸಿಕೊಳ್ಳುವುದು ಸುಲಭವಾಗಿತ್ತು.

ಒಮ್ಮೆ ಗಂಡ ತಾರಸಿಗೆ ಬಂದು, ಗಾಜಿನ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ಒರೆಸಲು ಹೋದರು. ನಾನು ಓಡಿಹೋಗಿ ಕೈ ಹಿಡಿದೆ.

“ಇದನ್ನ ಒರೆಸಬಾರ್ದು ಕಣ್ರೀ, ಬೆರಳೂ ತಾಕಿಸಬಾರ್ದು. ಲೇಪ ಗೀಚಿತು ಅಂದ್ರೆ ಮುಗೀತು. ನಾನು ಬೆಟ್ಟಕ್ಕೆ ಹೋಗೋದೂ ಮುಗೀತು.”

“ಅಷ್ಟು ನಾಜೂಕಾ?” ಎಂದು ಗಾಜನ್ನೇ ಸ್ವಲ್ಪ ಹೊತ್ತು ನೋಡಿ ಕೆಳಗೆ ಹೋದರು.

ಎರಡನೆಯ ವರ್ಷದ ಆಯುಧ ಪೂಜೆಯ ಬೆಳಿಗ್ಗೆ ಸೂರ್ಯನ ಪೂರ್ವದ ಅಂಚಿನಲ್ಲಿ ನಾನು ಅಲ್ಲಿಯವರೆಗೆ ಕಂಡಿರದಷ್ಟು ದೊಡ್ಡ ಕಮಾನು ಎದ್ದಿತ್ತು. ಅದರ ಒಂದು ಬುಡ ಆಗಲೇ ಅಲುಗುತ್ತಿತ್ತು. ಇವತ್ತು ಇದು ಹಾರುತ್ತದೆ ಎಂದು ಮನಸ್ಸು ಹೇಳಿತು. ಆದರೆ ಕಾಲೇಜಿನ ಲ್ಯಾಬಿನಲ್ಲಿ ಪೂಜೆ, ಬರಲೇಬೇಕೆಂದು ಪ್ರಿನ್ಸಿಪಾಲರ ಕಟ್ಟಪ್ಪಣೆ. ಹೋಗಿ ಮಂಗಳಾರತಿ ತೆಗೆದುಕೊಂಡು ಬಂದುಬಿಡೋಣವೆಂದು ಟೆಲಿಸ್ಕೋಪಿಗೆ ಮುಚ್ಚಳ ಹಾಕಿ ಬಸ್ಸು ಹಿಡಿದೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪುಗಳ ಗಾಜಿಗೆ ಕುಂಕುಮ ತಾಕಬಾರದೆಂದು ಅಟೆಂಡರ್ ಕೆಂಪರಾಜುವಿನ ಹಿಂದೆಯೇ ತಿರುಗಿ, ಬುಡಕ್ಕೆ ಮಾತ್ರ ಇಡಿಸಿದೆ. ಕಾಲೇಜಿನ ಗಾಜನ್ನೆಲ್ಲ ಕಾಯುತ್ತಾ ನಿಂತಿದ್ದೆ, ನನ್ನದನ್ನು ಮನೆಯಲ್ಲಿ ಬಿಟ್ಟು.

ವಾಪಸು ಬರುವಾಗ ಬಸ್ಸಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ದೊಡ್ಡ ಜ್ವಾಲೆ ಸಿಡಿದಿದೆ, ಕಮಾನು ಬುಡ ಬಿಡುತ್ತಿದೆ, ಎಲ್ಲರೂ ಟೆಲಿಸ್ಕೋಪ್ ಹತ್ತಿರ ಹೋಗಿ ಎಂದು ಮಾನಸ ಮೇಡಂ ಗುಂಪಿಗೆ ಬರೆದಿದ್ದರು. ಟೆಲಿಸ್ಕೋಪ್ ಇದ್ದ ಉಳಿದ ಊರುಗಳಲ್ಲೆಲ್ಲ ಮೋಡ. ‘ತನುಜಾ, ನಿನ್ನದೇ ಆಕಾಶ ಶುಭ್ರವಾಗಿದೆ’ ಎಂದು ನನಗೆ ಬೇರೆಯಾಗಿ ಒಂದು ಸಾಲು. ಬಸ್ ಸ್ಟ್ಯಾಂಡಿನಿಂದ ಸೀರೆ ಎತ್ತಿ ಹಿಡಿದು ಓಡಿದೆ. ನೋಡಿದವರು ಮನೆಯಲ್ಲಿ ಯಾರೋ ಹೋದರೆಂದುಕೊಂಡಿರಬೇಕು.

ತಾರಸಿಯಲ್ಲಿ ಮೂರುಕಾಲಿನ ಸ್ಟ್ಯಾಂಡ್ ಇತ್ತು. ಟೆಲಿಸ್ಕೋಪ್ ಇರಲಿಲ್ಲ.

ಅದು ಕೆಳಗೆ, ದೇವರ ಮನೆಯ ಮುಂದಿನ ಮಣೆಯ ಮೇಲೆ, ತಕ್ಕಡಿಗೂ ಮಿಕ್ಸಿಗೂ ನಡುವೆ ಕೂತಿತ್ತು. ಚೆಂಡುಹೂವಿನ ಹಾರ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದರು. ಮೂತಿಯ ಗಾಜಿನ ಮೇಲೆ ಒದ್ದೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ಪಟ್ಟೆಗಳ ಸಂದಿನಲ್ಲಿ ಗಾಜಿನ ತುಂಬ ಸುತ್ತುಸುತ್ತಾದ ಗೀರುಗಳು. ಒಳಗೆ ನೀರಿನ ಹನಿ. ಪೂಜೆಗೆ ಮೊದಲು ಎಲ್ಲ ಸಾಮಾನನ್ನೂ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯುವುದು ನಮ್ಮ ಮನೆಯ ಪದ್ಧತಿ. ನನ್ನ ಟೆಲಿಸ್ಕೋಪನ್ನೂ ಪದ್ಧತಿಯಂತೆ ತೊಳೆದಿದ್ದರು.

“ಬಂದ್ಯಾ? ನೋಡು, ಈ ಸಲ ನಿಂದೇ ಮೊದ್ಲು,” ಎಂದರು ಅತ್ತೆ. ಮುಖದ ತುಂಬ ನಗು. “ಹೋದ್ವರ್ಷ ನೀನು ಕೇಳಿದ್ ಮಾತು ನನ್ ಹೊಟ್ಟೇಲೇ ಇತ್ತು ಕಣೇ. ಸೂರ್ಯದೇವರನ್ನ ತೋರ್ಸೋದು, ಅದನ್ನ ಆಟದ ಸಾಮಾನು ಅಂದ್ಬಿಟ್ನಲ್ಲಾ ಅಂತ.”

ನಾನು ಮಣೆಯ ಕಡೆ ಕೈ ಚಾಚಿದೆ. “ಪೂಜೆಗಿಟ್ಟಿದ್ದನ್ನ ಇವತ್ತು ಕದಲಿಸಬಾರ್ದು,” ಎಂದರು ಗಂಡ ಹಿಂದಿನಿಂದ, ಎಂದಿನ ಮೆತ್ತನೆಯ ದನಿಯಲ್ಲಿ. ಕದಲಿಸಿಯಾದರೂ ಏನು ಮಾಡುತ್ತಿದ್ದೆ? ಮೇಲೆ ಆಕಾಶದಲ್ಲಿ ನನ್ನ ಕಮಾನು ಹಾರಿಹೋಗುತ್ತಿತ್ತು. ನಾನು ಕರ್ಪೂರದ ಆರತಿಗೆ ಕೈ ಒಡ್ಡಿ ಕಣ್ಣಿಗೆ ಒತ್ತಿಕೊಂಡೆ. ಬೈದುಬಿಡೋಣವೆಂದರೆ ಆ ಮುದುಕಿಯ ಮುಖದಲ್ಲಿ ಬೈಯುವಂಥದ್ದು ಏನೂ ಇರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಆಕೆ ನನ್ನ ಕೆಲಸವನ್ನು ಕೆಲಸವೆಂದು ಒಪ್ಪಿದ್ದರು.

ಅಡುಗೆಮನೆಯಲ್ಲಿ ಗಂಡನನ್ನು ಹಿಡಿದೆ. “ಗಾಜು ಮುಟ್ಟಬಾರ್ದು ಅಂತ ನಿಮಗೆ ಗೊತ್ತಿತ್ತಲ್ಲ. ಒಂದು ಮಾತು ಹೇಳೋಕಾಗ್ಲಿಲ್ವಾ?”

“ನಾನು ಅಂಗಡೀಲಿದ್ದೆ, ತಕ್ಕಡಿ ಬಿಚ್ತಿದ್ದೆ. ಅಮ್ಮ ಯಾವಾಗ ತೊಳೆದ್ರೋ ನೋಡ್ಲೇ ಇಲ್ಲ ಕಣೇ. ಅಮ್ಮಂಗೆ ಮಾತ್ರ ಏನೂ ಹೇಳ್ಬೇಡ, ಪಾಪ, ನೊಂದ್ಕೋತಾರೆ.”

ನಂಬಿದೆ. ಯಾಕೆ ನಂಬಬಾರದು?

ಸಂಜೆ ಮಾನಸ ಮೇಡಂಗೆ ಫೋನ್ ಮಾಡಿ ನಡೆದಿದ್ದನ್ನು ಹೇಳಿದೆ. “ಇನ್ನೊಂದು ಟೆಲಿಸ್ಕೋಪ್ ನಮ್ಮಲ್ಲಿಲ್ಲ. ಅರ್ಧಕ್ಕೆ ನಿಂತ ಕೆಲಸದ ಮೇಲೆ ನಿನ್ನ ಹೆಸರು ಹೇಗೆ ಕಳಿಸ್ಲಿ, ತನುಜಾ?” ಎಂದರು. ಅವರ ತಪ್ಪಿಲ್ಲ. ಬೆಟ್ಟ ಅಲ್ಲಿಗೆ ಮುಗಿಯಿತು.

ಮರುದಿನ ವಿಜಯದಶಮಿ. ಅತ್ತೆ ತಾವೇ ಪೂಜೆ ಕದಲಿಸಿ, ಟೆಲಿಸ್ಕೋಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಾರಸಿಗೆ ಬಂದರು. ಮೊಣಕಾಲು ನೋವಿನ ಹೆಂಗಸು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿದ್ದರು.

“ಒಂದ್ಸಲಾನೂ ನೋಡಿಲ್ಲ ನಾನು. ಇವತ್ತು ತೋರ್ಸು.”

ಗೀಚಿದ ಗಾಜಿಗೆ ಕಣ್ಣಿಡಿಸುವುದು ಅಪಾಯ. ಕ್ಯಾಮೆರಾ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಕಂಬಳಿಯ ನೆರಳಲ್ಲಿಟ್ಟು ತೋರಿಸಿದೆ. ಮಂಜು ಮುಸುಕಿದ ಒಂದು ಕೆಂಪು ಕಲೆ ಕಂಡಿತು. ಅಂಚೂ ಇಲ್ಲ, ಕಮಾನೂ ಇಲ್ಲ.

ಅತ್ತೆ ಬಗ್ಗಿ ನೋಡಿದರು. ಇನ್ನೂ ಬಗ್ಗಿ ನೋಡಿದರು. “ಇಷ್ಟೇನಾ?” ಎಂದರು. “ಇಷ್ಟಕ್ಕಾ ನೀನು ದಿನಾ ಬಿಸ್ಲಲ್ಲಿ ನಿಂತ್ಕೋತಿದ್ದಿದ್ದು?”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅತ್ತೆ ನನ್ನ ಮುಖವನ್ನೊಮ್ಮೆ, ಗಾಜನ್ನೊಮ್ಮೆ ನೋಡಿದರು. ಆಕೆ ದಡ್ಡಿಯಲ್ಲ. ನಗು ಮೆಲ್ಲಗೆ ಇಳಿಯಿತು.

“ಗಾಜು ಉಜ್ಜಿದ್ದು ತಪ್ಪಾಯ್ತೇನೇ? ನಾನು ಕೇಳ್ದೆ ಕಣೇ. ಸುಮ್ನೆ ಕೈ ಹಾಕ್ಲಿಲ್ಲ. ಪ್ರಸಾದ ಪಕ್ಕದಲ್ಲೇ ನಿಂತು ನೀರು ಹುಯ್ತಿದ್ದ. ಇದ್ನ ನಾರಲ್ಲಿ ಉಜ್ಬೋದೇನಪ್ಪಾ ಅಂತ ಕೇಳಿದ್ರೆ, ಚೆನ್ನಾಗಿ ಉಜ್ಜಮ್ಮ, ಏನೂ ಆಗಲ್ಲ ಅಂದ.”

“ಏನೂ ಆಗಿಲ್ಲ ಅತ್ತೆ,” ಎಂದೆ. “ಇವತ್ತು ಸ್ವಲ್ಪ ಮೋಡ, ಅದಕ್ಕೇ ಹಾಗೆ.” ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಆಕೆಯ ಕೈ ಹಿಡಿದು ಮೆಟ್ಟಿಲಿಳಿಸಿದೆ.

ಮಧ್ಯಾಹ್ನ ಒಬ್ಬಟ್ಟಿನ ಊಟ. ಅತ್ತೆ ಕಾಲು ನೋವೆಂದು ಕೋಣೆಯಲ್ಲಿ ಮಲಗಿದ್ದರು. ಗಂಡ ಎಲೆಯ ಮುಂದೆ ಕೂತಿದ್ದರು. ನಾನು ಬಡಿಸುತ್ತಿದ್ದೆ.

“ಚೆನ್ನಾಗಿ ಉಜ್ಜಮ್ಮ ಅಂದ್ರಂತೆ,” ಎಂದೆ.

ಒಬ್ಬಟ್ಟು ಮುರಿಯುತ್ತಿದ್ದ ಕೈ ನಿಂತಿತು. ತಲೆ ಎತ್ತಲಿಲ್ಲ. ಯಾರು ಹೇಳಿದ್ದು ಎಂದು ಕೇಳಲಿಲ್ಲ, ಇಲ್ಲ ಎನ್ನಲಿಲ್ಲ. ಬೀದಿಯಲ್ಲಿ ಯಾವುದೋ ಹಾರ ಹಾಕಿದ ಟ್ರ್ಯಾಕ್ಟರು ಹಾರ್ನ್ ಮಾಡುತ್ತಾ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ನಾನು ಕಾದೆ. ಬೆಟ್ಟಕ್ಕೆ ಹೋಗುವುದು ಬೇಡ ಎಂದು ಒಂದೇ ಒಂದು ಸಲ ನನ್ನ ಮುಖ ನೋಡಿ ಹೇಳಿದ್ದರೆ ಜಗಳವಾಡುತ್ತಿದ್ದೆ, ಸೋಲುತ್ತಿದ್ದೆ, ಗೆಲ್ಲುತ್ತಿದ್ದೆನೋ ಏನೋ.

“ತುಪ್ಪ ಹಾಕು,” ಎಂದರು.

ಹಾಕಿದೆ.