ಇಟ್ಟಿಗೆಯ ಮೇಲಿನ ಇಸ್ತ್ರಿಪೆಟ್ಟಿಗೆ

ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಹಾಯ್ದಾಗ ಒಂದು ವಾಸನೆ ಏಳುತ್ತದೆ. ಯೋಗದ ಟೀಚರಿಗೆ ಬಾಲ್ಯವೆಂದರೆ ಆ ವಾಸನೆಯೇ. ಶಾಲೆ ಬಿಟ್ಟರೆ ಸಾಕು, ದೊಡ್ಡಮ್ಮನ ಇಸ್ತ್ರಿ ಅಂಗಡಿಗೆ ಓಡುತ್ತಿದ್ದಳು. ಮಡಿಸಿಟ್ಟ ಅಂಗಿಗಳ ಬೆಚ್ಚಗಿನ ರಾಶಿಗೆ ಕೆನ್ನೆ ಒತ್ತಿ ಕೂತರೆ ದೊಡ್ಡಮ್ಮ ಗದರುತ್ತಿರಲಿಲ್ಲ. ರಾಶಿಯನ್ನೇ ತುಸು ಅವಳ ಕಡೆ ಸರಿಸುತ್ತಿದ್ದಳು.

ಒಂದು ದಿನ ಎದುರುಮನೆಯ ನರ್ಸ್ ಬಂದು, ಅಂಗಿಯ ಕಾಲರ್ ಸುಟ್ಟಿದ್ದೀರಿ ಎಂದು ಬೀದಿಗೆಲ್ಲ ಕೇಳುವ ಹಾಗೆ ರೇಗಿದಳು. ಆ ಕಲೆ ತಂದುಕೊಟ್ಟಾಗಲೇ ಇತ್ತು. ಹುಡುಗಿ ಕಣ್ಣಾರೆ ಕಂಡಿದ್ದಳು. ದೊಡ್ಡಮ್ಮ ಕೈಲಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಇಟ್ಟಿಗೆಯ ಮೇಲಿಟ್ಟಳು. ಉಸಿರು ಎಳೆದು ಪೂರ್ತಿ ಬಿಟ್ಟಳು.

“ರಾತ್ರಿ ಪಾಳಿ ಇತ್ತೇನಮ್ಮ? ಕಣ್ಣು ಕೆಂಪಗಾಗಿದೆ. ಕೂತ್ಕೊ, ನೋಡೋಣ.”

ನರ್ಸ್ ಕೂತಳು. ನೀರು ಕುಡಿದ ಮೇಲೆ, ಕಲೆ ಹಳೆಯದೆಂದು ತಾನೇ ನೆನಪಿಸಿಕೊಂಡು ನಾಚಿದಳು.

“ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಿತ್ತು ದೊಡ್ಡಮ್ಮ,” ಎಂದಳು ಹುಡುಗಿ, ನರ್ಸ್ ಹೋದ ಮೇಲೆ.

“ಕೈಲಿ ಕೆಂಡ ಹಿಡ್ಕೊಂಡು ಮಾತಾಡಬಾರದು ಕಣೇ. ಮೊದಲು ಪೆಟ್ಟಿಗೆ ಇಳಿಸು, ಆಮೇಲೆ ಬಾಯಿ ತೆಗಿ.”

ದಿನವಿಡೀ ನಿಂತು ಕೊರಡಾದ ಕಾಲುಗಳಲ್ಲಿ ದೊಡ್ಡಮ್ಮನಿಗೆ ಪದ್ಮಾಸನ ಹಾಕಲು ಬರುತ್ತಿರಲಿಲ್ಲ. ಈಗ ಟೀಚರಿಗೂ ಬರುವುದಿಲ್ಲ. ಸೊಂಟದ ಕೀಲು ಬದಲಾಯಿಸಿದ ಮೇಲೆ, ನೆಲದ ಮೇಲೆ ಕೂರಲೇಬೇಡಿ ಎಂದಿದ್ದರು ಡಾಕ್ಟರು. ಇಂದು ಊರುಗೋಲು ಹಿಡಿದು ತರಗತಿಗೆ ಮರಳಿದರೆ, ಯೋಗ ನಡೆಯುವ ಸಭಾಂಗಣದ ಮ್ಯಾನೇಜರ್ ಬಾಗಿಲಲ್ಲೇ ತಲೆ ಕೆರೆದುಕೊಂಡ.

“ಬೇಜಾರು ಮಾಡ್ಕೋಬೇಡಿ ಟೀಚರ್. ಬಗ್ಗಿ ತೋರಿಸೋರು ಬೇಕು ಅಂತಾರೆ ಜನ. ಇವತ್ತೊಂದು ದಿನ ನೋಡೋಣ. ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆಯವರನ್ನ ಕರೆಸ್ತೀನಿ.”

ಈ ತರಗತಿ ಹೋದರೆ ತನ್ನ ದಿನಕ್ಕೆ ಬೆಳಗೇ ಇಲ್ಲ ಎಂದುಕೊಳ್ಳುತ್ತ ಅವಳು ಕುರ್ಚಿಯಲ್ಲಿ ಕೂತಳು. ಮುಂದಿನ ಸಾಲಿನಲ್ಲಿ ಬೀಗ ರಿಪೇರಿಯವನಿದ್ದ. ಬೀದಿಗೆಲ್ಲ ಬೀಗ ಸರಿಮಾಡಿಕೊಡುವ ಅವನ ಬಾಯಿಗೆ ಮಾತ್ರ ಬೀಗವಿರಲಿಲ್ಲ.

“ಇದ್ಯಾವ ಆಸನ ಟೀಚರ್, ಕುರ್ಚಿಯಾಸನವಾ? ಇದರಲ್ಲಿ ನಾನೇ ನಿಮಗೆ ಗುರು.”

ಎಲ್ಲರೂ ನಕ್ಕರು. ಮ್ಯಾನೇಜರ್ ಕೂಡ. ಬೀಗದವನ ಡೊಳ್ಳುಹೊಟ್ಟೆಯ ಬಗ್ಗೆ ಒಂದು ಚೂಪಾದ ಉತ್ತರ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಊರುಗೋಲಿನ ಮೇಲೆ ಮುಷ್ಟಿ ಬಿಗಿಯಿತು. ಅವಳು ಕೋಲನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. ಉಸಿರು ಎಳೆದು ಪೂರ್ತಿ ಬಿಟ್ಟಳು. ಎಲ್ಲಿಂದಲೋ ಒದ್ದೆ ಹತ್ತಿಯ ಬಿಸಿವಾಸನೆ ಬಂದ ಹಾಗಾಯಿತು.

“ಹಾಗಾದ್ರೆ ಗುರುಗಳೇ, ನೀವೂ ಒಂದು ಕುರ್ಚಿ ಎಳ್ಕೊಳ್ಳಿ,” ಎಂದು ನಕ್ಕಳು. “ಯೋಗಕ್ಕೆ ಎಂಟು ಮೆಟ್ಟಿಲು. ಆಸನ ಮೂರನೇದು. ನಾವೆಲ್ಲ ನೇರ ಅಲ್ಲಿಗೇ ಹಾರಿದ್ವಿ. ಇವತ್ತು ಮೊದಲನೇ ಮೆಟ್ಟಿಲು, ಯಾರನ್ನೂ ನೋಯಿಸದೇ ಇರೋದು. ಕಣ್ಣು ಮುಚ್ಚಿ. ಬೆಳಗ್ಗೆ ಯಾರ ಮೇಲೆ ರೇಗಿದ್ರಿ, ನೆನೆಸ್ಕೊಳ್ಳಿ. ಬಾಯಿಗೆ ಬಂದ ಮಾತನ್ನ ಒಂದು ಉಸಿರು ಬಿಡೋವರೆಗೆ ಕಾಯಿಸಿ.”

ಆಮೇಲೆ ಇಸ್ತ್ರಿಪೆಟ್ಟಿಗೆಯ ಕಥೆ ಹೇಳಿದಳು. ಯಾರೂ ಗಡಿಯಾರ ನೋಡಲಿಲ್ಲ. ಬೀಗದವನು ಎಲ್ಲರಿಗಿಂತ ತಡವಾಗಿ ಕಣ್ಣು ತೆರೆದ.

ಜನ ಚದುರುವಾಗ ಮ್ಯಾನೇಜರ್ ಹತ್ತಿರ ಬಂದ. “ನಾಳೆ ಎಲ್ಲರಿಗೂ ಕುರ್ಚಿ ಹಾಕಿಸ್ಲಾ ಟೀಚರ್?”

“ಬೇಡಪ್ಪ, ಬಗ್ಗೋರು ಬಗ್ಗಲಿ. ನನಗೊಂದು ಸಾಕು.”

ಬೀಗದವನು ಮಾತ್ರ ಚಪ್ಪಲಿ ಹುಡುಕುವ ನೆಪದಲ್ಲಿ ಉಳಿದಿದ್ದ.

“ಬೆಳಗ್ಗೆ ನಮ್ಮನೆಯವಳ ಮೇಲೆ ಹಾರಾಡಿ ಬಂದಿದೀನಿ,” ಎಂದ, ನೆಲ ನೋಡುತ್ತ. “ಆದ್ರೂ ಚೀಲಕ್ಕೆ ಊಟ ಹಾಕಿದಾಳೆ. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೇ ಹೋಗ್ತೀನಿ, ಅವಳ ಜೊತೆ ಕೂತು ಉಣ್ಣೋಕೆ.”

ಇನ್ನೇನೋ ಹೇಳಲು ಬಾಯಿ ತೆರೆದ. ಬದಲಿಗೆ ಒಂದು ಉಸಿರು ಬಿಟ್ಟ. ಚೀಲದಿಂದ ಇನ್ನೂ ಬೆಚ್ಚಗಿದ್ದ ಊಟದ ಡಬ್ಬಿ ತೆಗೆದು ಟೀಚರ ಎರಡೂ ಕೈಗಳಲ್ಲಿಟ್ಟ.